ಚಾಲಕರ ಶಿಸ್ತು ಚೌಕಾಶಿಯ ವಸ್ತುವಲ್ಲ

2021ರ ಏಪ್ರಿಲ್‌ನಲ್ಲಿ ಎರಡು ವಾರ ರಾಜ್ಯದ ಸರ್ಕಾರಿ ಬಸ್ ನಿಲ್ದಾಣಗಳಲ್ಲಿ ಖಾಸಗಿ ಬಸ್ಸುಗಳು ನಿಂತಿದ್ದವು. ಗುತ್ತಲಿನ ನಮ್ಮ ನೆರೆಹೊರೆಯಲ್ಲಿ ಆಗ ಬೇರೆ ಮಾತೇ ಇರಲಿಲ್ಲ. ಆರನೇ ವೇತನ ಆಯೋಗದ ಶಿಫಾರಸುಗಳನ್ನು ತಮಗೂ ಅನ್ವಯಿಸಬೇಕೆಂದು ಸಾರಿಗೆ ನೌಕರರು 7ರಂದು ಆರಂಭಿಸಿದ ಮುಷ್ಕರ, ಹೈಕೋರ್ಟಿನ ಮಧ್ಯಪ್ರವೇಶದ ನಂತರ 21ರಂದು ನಿಂತಿತು. ಅಷ್ಟರಲ್ಲಿ ಆಡಳಿತವರ್ಗ ವಜಾ, ಅಮಾನತು, ವರ್ಗಾವಣೆಯ ಆದೇಶಗಳನ್ನು ಹೊರಡಿಸಿತ್ತು. ಮುಂದೆ ಮಾತುಕತೆ ನಡೆದು, ಅನೇಕರನ್ನು ಹಂತಹಂತವಾಗಿ ಮರಳಿ ಸೇವೆಗೆ ತೆಗೆದುಕೊಳ್ಳಲಾಯಿತು.

ಮರಳಿ ತೆಗೆದುಕೊಂಡಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಸಂಬಳದ ಜಗಳದಲ್ಲಿ ಒತ್ತಡ ಹೇರಲು ವಜಾ ಆದೇಶ, ರಾಜಿಯಾದಾಗ ಅದರ ವಾಪಸಾತಿ ಎಂದಾದರೆ, ಮರುದಿನ ಅಜಾಗರೂಕತೆಯಿಂದ ಬಸ್ ಓಡಿಸಿದವನಿಗೆ ಕೊಡುವ ಅದೇ ಆದೇಶಕ್ಕೆ ಬೆಲೆ ಎಲ್ಲಿಂದ ಬರಬೇಕು? ಸಂಘದವರು ಅದನ್ನೂ ಸೇಡಿನ ಕ್ರಮವೆಂದೇ ಓದುತ್ತಾರೆ. ಹಾಗೆ ಓದಲು ಕಲಿಸಿದವರು ಆಡಳಿತದವರೇ.

ಇದನ್ನು ದೂರದಿಂದ ನಿಂತು ಹೇಳುತ್ತಿಲ್ಲ. ಸೇವೆಯಲ್ಲಿದ್ದಾಗ ಇಲಾಖೆಯೊಂದರ ಜೀಪು ಚಾಲಕನ ಮೇಲಿನ ವಿಚಾರಣೆಗೆ ನಾನೇ ವಿಚಾರಣಾಧಿಕಾರಿಯಾಗಿದ್ದೆ. ಕುಡಿದು ಓಡಿಸಿ ಸೈಕಲ್ ಸವಾರನಿಗೆ ಡಿಕ್ಕಿ ಹೊಡೆದನೆಂಬುದು ಆರೋಪ. ವೈದ್ಯಕೀಯ ತಪಾಸಣೆ ಮಾಡಿಸಿರಲಿಲ್ಲ. ಸ್ಥಳ ಮಹಜರು ಮಾರನೆಯ ದಿನದ್ದು. ಮೇಲಧಿಕಾರಿಗಳು ಅವಸರಪಡಿಸಿದರು, ನಾನು ಆರೋಪ ಸಾಬೀತೆಂದು ಬರೆದೆ. ವರ್ಷಗಳ ನಂತರ ದಂಡನೆಯ ಆದೇಶ ರದ್ದಾಯಿತು. ಆತ ನಿರ್ದೋಷಿಯೋ ಅಲ್ಲವೋ ನನಗೆ ಇಂದಿಗೂ ತಿಳಿಯದು. ಕಾಲು ಮುರಿದುಕೊಂಡ ಸವಾರನ ಹೇಳಿಕೆ ಪಡೆಯಬೇಕೆಂದು ನನಗಾಗಲಿ, ಚಾಲಕನ ಪರ ವಾದಿಸಿದ ಸಂಘದ ಮುಖಂಡರಿಗಾಗಲಿ ತೋಚಿರಲೇ ಇಲ್ಲ.

ನ್ಯಾಯಾಲಯಗಳು ಕಾರ್ಮಿಕರತ್ತ ಮೃದುವಾಗಿರುವುದರಿಂದಲೇ ಶಿಸ್ತು ಕೆಟ್ಟಿತೆಂಬ ವಾದ ಅಧಿಕಾರಿ ವಲಯದಲ್ಲಿ ಹಳೆಯದು. ಅದು ಅರ್ಧಸತ್ಯ. 1971ರ ತಿದ್ದುಪಡಿಯ ಮೂಲಕ ಕೈಗಾರಿಕಾ ವಿವಾದ ಕಾಯ್ದೆಗೆ 11ಎ ಕಲಮು ಸೇರಿದ ಮೇಲೆ ಶಿಕ್ಷೆಯ ಪ್ರಮಾಣವನ್ನು ಬದಲಿಸುವ ಅಧಿಕಾರ ಕಾರ್ಮಿಕ ನ್ಯಾಯಾಲಯಗಳಿಗೆ ದೊರೆಯಿತು, ನಿಜ. ಆದರೆ ನಮ್ಮ ಸಾರಿಗೆ ಸಂಸ್ಥೆಯ ನಿರ್ವಾಹಕನೊಬ್ಬನ ಟಿಕೆಟ್ ಪ್ರಕರಣದಲ್ಲಿ, ಇಂಥಲ್ಲಿ ಅನುಕಂಪ ಸಲ್ಲದೆಂದು ವಜಾವನ್ನು ಎತ್ತಿಹಿಡಿದದ್ದು 2001ರಲ್ಲಿ ಸುಪ್ರೀಂ ಕೋರ್ಟೇ. ಮರುವರ್ಷ ಅದೇ ನ್ಯಾಯಾಲಯದ ಸಂವಿಧಾನ ಪೀಠ ಇನ್ನೊಂದು ಪ್ರಕರಣದಲ್ಲಿ ಬೇರೊಂದು ಮಾತು ಹೇಳಿತು. ವಿವಾದವೊಂದು ನ್ಯಾಯಮಂಡಳಿಯ ಮುಂದಿರುವಾಗ, 33ನೇ ಕಲಮಿನ ಪ್ರಕಾರ ಅದರ ಅನುಮೋದನೆ ಕೋರದೆ ಮಾಡಿದ ವಜಾ ಊರ್ಜಿತವಲ್ಲ ಎಂದಿತು. ಪುರಾವೆ ಗಟ್ಟಿಯಿದ್ದು ಕ್ರಮ ಸರಿಯಿದ್ದರೆ ಆದೇಶ ನಿಲ್ಲುತ್ತದೆ. ಬಹುಪಾಲು ಎಡವುವುದು ನನ್ನಂಥ ವಿಚಾರಣಾಧಿಕಾರಿಯ ಮೇಜಿನ ಮೇಲೆ. 2025ರ ನವೆಂಬರ್ 21ರಂದು ಆ ಕಾಯ್ದೆಯ ಸ್ಥಾನಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಮೇಜು ಮಾತ್ರ ಅದೇ.

ಸಂಘಗಳ ಹೊಣೆಯೂ ಕಡಿಮೆಯಲ್ಲ. ಚಾಲಕನ ತಪ್ಪಿನ ಹಿಂದೆ ಹಲವು ವೇಳೆ ನಿದ್ದೆಗೆಟ್ಟ ಪಾಳಿ, ತಲುಪಲಾಗದ ವೇಳಾಪಟ್ಟಿ, ಸವೆದ ಟೈರು ಇರುತ್ತವೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿಯನ್ನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹಾಕಿತ್ತು. ವಿಚಾರಣೆಯಲ್ಲಿ ಕರ್ತವ್ಯದ ದಾಖಲೆ ತರಿಸಿ ಇದನ್ನು ಸಾಬೀತುಪಡಿಸುವುದು ಸಂಘದ ಕೆಲಸ. ಅದು ಶ್ರಮದ್ದು; ಡಿಪೊ ಬಾಗಿಲಲ್ಲಿ ಘೋಷಣೆ ಕೂಗುವುದು ಸುಲಭ. ತಪ್ಪಿತಸ್ಥನನ್ನೂ ಬಡಪಾಯಿಯನ್ನೂ ಒಂದೇ ಧ್ವನಿಯಲ್ಲಿ ಸಮರ್ಥಿಸಿದರೆ ಬಡಪಾಯಿಯೇ ಸೋಲುತ್ತಾನೆ.

ಪ್ರಯಾಣಿಕನ ಪಾಲು ಏನೆಂದು ಮಂಡ್ಯದವರಿಗೆ ಹೇಳಬೇಕಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಸ್ ಉರುಳಿ 30 ಜನ ಸತ್ತರು. ಅದು ಖಾಸಗಿ ಬಸ್ಸು. ಸರ್ಕಾರಿ ಸಂಸ್ಥೆಯಲ್ಲಾದರೂ ತರಬೇತಿ, ತಪಾಸಣೆ, ಮೇಲ್ಮನವಿ ಎಂಬ ಏರ್ಪಾಡುಗಳಿವೆ ಎಂಬ ನಂಬಿಕೆಯಿಂದ ಜನ ಅದರ ಬಸ್ಸು ಹತ್ತುತ್ತಾರೆ.

ಅರ್ಥಶಾಸ್ತ್ರ ಓದುತ್ತಿದ್ದಾಗ ಇಟಲಿಯ ಬೆಕಾರಿಯಾನ ಹೆಸರು ಕೇಳಿದ್ದೆ. ಶಿಕ್ಷೆಯ ಕಾಠಿಣ್ಯಕ್ಕಿಂತ ಅದರ ಖಚಿತತೆ, ತ್ವರಿತತೆ ತಪ್ಪನ್ನು ತಡೆಯುತ್ತವೆ ಎಂದು ಆತ 1764ರಲ್ಲೇ ವಾದಿಸಿದ್ದ. ನಮ್ಮಲ್ಲಿ ಇರುವುದು ಇದರ ತಿರುವುಮುರುವು: ಕಠಿಣ ಆದೇಶ, ದಶಕದ ವ್ಯಾಜ್ಯ, ಕೊನೆಗೆ ಅನಿಶ್ಚಿತ ಫಲ.

2025ರ ಆಗಸ್ಟ್ 5ರಂದು, 38 ತಿಂಗಳ ಹಿಂಬಾಕಿಗಾಗಿ ಮತ್ತೆ ಮುಷ್ಕರ ನಡೆದು, ಹೈಕೋರ್ಟಿನ ಆದೇಶಕ್ಕೆ ಮಣಿದು ಅಂದೇ ನಿಂತಿತು. ಹಿಂಬಾಕಿಯ ಲೆಕ್ಕ ಸರ್ಕಾರ ಮತ್ತು ಸಂಘಗಳಿಗೆ ಬಿಟ್ಟದ್ದು. ಆದರೆ ಮುಂದಿನ ಮಾತುಕತೆಯ ಮೇಜಿಗೆ ಎರಡೂ ಕಡೆಯವರು ಇನ್ನೊಂದು ಕಾಗದವನ್ನೂ ಒಯ್ಯಲಿ. ಮುಷ್ಕರದ ಪ್ರಕರಣಗಳು ಬೇರೆ, ಚಾಲನೆಯ ತಪ್ಪುಗಳು ಬೇರೆ ಕಡತದಲ್ಲಿರಲಿ. ಚಾಲನೆಯ ಪ್ರಕರಣಗಳ ವಿಚಾರಣೆ ಆ ವಿಭಾಗದ ಹೊರಗಿನ ಅಧಿಕಾರಿಯಿಂದ ಮೂರು ತಿಂಗಳಲ್ಲಿ ಮುಗಿಯಲಿ. ಬಸ್ಸಿನಲ್ಲಿದ್ದ ಒಬ್ಬ ಪ್ರಯಾಣಿಕನನ್ನಾದರೂ ಸಾಕ್ಷಿಗೆ ಕರೆಸಲಿ. ಆತನ ಅಂದಿನ ಕೂಲಿ ಮತ್ತು ಬಸ್ ಚಾರ್ಜನ್ನು ಸಂಸ್ಥೆಯೇ ಭರಿಸಲಿ.