ಕತ್ತು ತಿರುಗಿದರೆ ಕೈ ಏಕೆ ಚಾಚುತ್ತದೆ?

ಅಂಗಾತ ಮಲಗಿರುವ ಎರಡು ಮೂರು ತಿಂಗಳ ಕೂಸನ್ನು ಗಮನಿಸಿ. ಅದರ ತಲೆ ಬಲಕ್ಕೆ ಹೊರಳಿದಾಗ ಅನೇಕ ವೇಳೆ ಬಲಗೈ ನೇರವಾಗಿ ಚಾಚಿಕೊಳ್ಳುತ್ತದೆ, ಎಡಗೈ ಮಡಿಚಿಕೊಳ್ಳುತ್ತದೆ. ತಲೆ ಎಡಕ್ಕೆ ಹೊರಳಿದರೆ ಕೈಗಳ ಸ್ಥಿತಿ ಅದಲುಬದಲು. ಕತ್ತಿವರಸೆಯ ಭಂಗಿಯನ್ನು ಹೋಲುವ ಇದು ಕೂಸು ಬೇಕೆಂದು ಮಾಡುವ ಕ್ರಿಯೆಯಲ್ಲ; ಪರಾವರ್ತಿತ ಕ್ರಿಯೆ.

ಸರಳವಾದ ಪರಾವರ್ತಿತ ಕ್ರಿಯೆಯೊಂದನ್ನು ಮೊದಲು ನೋಡೋಣ. ಮುಂಗೈಯ ಸ್ನಾಯುವನ್ನು ಥಟ್ಟನೆ ಎಳೆದರೆ ಅದರೊಳಗಿನ ಕದಿರಿನಾಕಾರದ ಸಂವೇದಕಗಳು ಹಿಗ್ಗುತ್ತವೆ. ಅವುಗಳ ಸಂಕೇತ ಕತ್ತಿನ ಭಾಗದ ಮೆದುಳುಬಳ್ಳಿಗೆ ತಲಪಿ, ಅಲ್ಲಿನ ಚಾಲಕ ನರಕೋಶಗಳನ್ನು ಪ್ರಚೋದಿಸುತ್ತದೆ. ಸ್ನಾಯು ಸಂಕೋಚಿಸುತ್ತದೆ. ಮೊಣಕೈಯ ಬಳಿಯಿಂದ ಮೆದುಳುಬಳ್ಳಿಗೆ ಹೋಗಿಬರುವ ದಾರಿ ಸುಮಾರು 1 ಮೀಟರ್, ಸಂಕೇತದ ವೇಗ ಸೆಕೆಂಡಿಗೆ ಸುಮಾರು 60 ಮೀಟರ್ ಎಂದಿಟ್ಟುಕೊಳ್ಳಿ. ತಗಲುವ ಕಾಲ ಸುಮಾರು 17 ಮಿಲಿಸೆಕೆಂಡ್. ಯೋಚಿಸಲು ಇಲ್ಲಿ ಸಮಯವೇ ಇಲ್ಲ.

ಹಾಗಾದರೆ ಒಂದೇ ಬಗೆಯ ಎಳೆತಕ್ಕೆ ಯಾವಾಗಲೂ ಒಂದೇ ಉತ್ತರ ಬರಬೇಕಲ್ಲವೆ? ಬರುವುದಿಲ್ಲ. ಚಾಲಕ ನರಕೋಶಗಳಿಗೆ ಬೇರೆ ಕಡೆಗಳಿಂದಲೂ ಸಂಕೇತಗಳು ಬರುತ್ತಿರುತ್ತವೆ. ರೇಡಿಯೋದ ಧ್ವನಿ ತಿರುಪಿನಂತೆ ಅವು ಉತ್ತರವನ್ನು ಹಿಗ್ಗಿಸಬಹುದು, ಇಲ್ಲವೆ ಕುಗ್ಗಿಸಬಹುದು.

ಈ ತಿರುಪನ್ನು ತಿರುಗಿಸುವ ಎರಡು ಮೂಲಗಳು ಒಳಕಿವಿ ಮತ್ತು ಕತ್ತು. ಗುರುತ್ವಕ್ಕೆ ಹೋಲಿಸಿದರೆ ತಲೆ ಎಷ್ಟು ವಾಲಿದೆ ಎಂಬುದನ್ನು ಒಳಕಿವಿ ತಿಳಿಸುತ್ತದೆ. ಆದರೆ ವಾಲಿದ್ದು ತಲೆ ಮಾತ್ರವೋ ಇಡೀ ದೇಹವೋ ಎಂಬುದು ಅದಕ್ಕೆ ತಿಳಿಯದು. ಮುಂಡಕ್ಕೆ ಹೋಲಿಸಿದರೆ ತಲೆ ಎಲ್ಲಿದೆ ಎಂಬುದನ್ನು ಹೇಳುವುದು ಕತ್ತಿನ ಸ್ನಾಯುಗಳ ಸಂವೇದಕಗಳು. ಭೌತವಿಜ್ಞಾನದ ಭಾಷೆಯಲ್ಲಿ ಇವು ಎರಡು ಬೇರೆ ಬೇರೆ ನಿರ್ದೇಶಕ ಚೌಕಟ್ಟುಗಳು.

ನೆದರ್ಲೆಂಡ್ಸ್‌ನ ಯುಟ್ರೆಕ್ಟ್‌ನಲ್ಲಿ ರುಡಾಲ್ಫ್ ಮ್ಯಾಗ್ನಸ್ ಮತ್ತು ಡಿ ಕ್ಲೇನ್ 1912ರಲ್ಲಿ ಇದನ್ನು ವಿವರಿಸಿದರು. ಮಹಾಮಸ್ತಿಷ್ಕದ ಹತೋಟಿ ತಪ್ಪಿಸಿದ ಬೆಕ್ಕುಗಳ ತಲೆಯನ್ನು ತಿರುಗಿಸಿದಾಗ, ಮುಖವಿದ್ದ ಬದಿಯ ಕಾಲುಗಳು ಬಿಗಿದು ಚಾಚಿಕೊಂಡವು. ಇನ್ನೊಂದು ಬದಿಯವು ಸಡಿಲಗೊಂಡವು. ಒಳಕಿವಿಯ ಕೆಲಸ ನಿಲ್ಲಿಸಿದ ಮೇಲೂ ಕತ್ತಿನ ಪ್ರಭಾವ ಉಳಿದಿತ್ತು.

ಮೆದುಳು ಬಲಿತಂತೆ ಈ ಪ್ರಭಾವ ಮರೆಗೆ ಸರಿಯುತ್ತದೆ, ಅಳಿಯುವುದಿಲ್ಲ. ಆರೋಗ್ಯವಂತ ವಯಸ್ಕರ ಮೊಣಕೈಯ ಬಳಿ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿ ಮುಂಗೈ ಸ್ನಾಯುವಿನ ಉತ್ತರವನ್ನು ಅಳೆದಾಗ, ತಲೆಯ ಸ್ಥಾನದೊಡನೆ ಅದು ಬದಲಾಗುವುದು ಕಂಡುಬಂದಿದೆ.

ಕೂಸಿನ ಕತ್ತಿವರಸೆ ಭಂಗಿ ಸಾಮಾನ್ಯವಾಗಿ ಸುಮಾರು 6 ತಿಂಗಳಲ್ಲಿ ಮರೆಯಾಗುತ್ತದೆ. ಆ ಬಳಿಕವೂ ಅದು ಬಲವಾಗಿ ಉಳಿದರೆ ಮಗುವಿಗೆ ಮಗುಚಿಕೊಳ್ಳುವುದು, ನೋಡುತ್ತಿರುವ ವಸ್ತುವನ್ನು ಬಾಯಿಗೆ ತರುವುದು ಕಷ್ಟ. ಮೆದುಳಿನ ಹಾನಿಯಿಂದಾಗುವ ಸೆರೆಬ್ರಲ್ ಪಾಲ್ಸಿಯ ಸೂಚನೆಯೂ ಇದಾಗಿರಬಹುದು. ಇದೊಂದರಿಂದಲೇ ರೋಗ ನಿರ್ಧರಿಸಲಾಗದು. ಆದರೆ ಮಕ್ಕಳ ವೈದ್ಯರಿಗೆ ತೋರಿಸಲು ತಡಮಾಡಬಾರದು.

ಪರೀಕ್ಷಿಸುವಾಗ ವೈದ್ಯರು ಕೂಸಿನ ತಲೆಯನ್ನು ನಡುವೆ ನೇರವಾಗಿ ಇಡುತ್ತಾರೆ. ತಲೆ ಓರೆಯಾಗಿದ್ದರೆ ಎಡ ಬಲ ಕೈಗಳ ನಡುವೆ ಇಲ್ಲದ ವ್ಯತ್ಯಾಸ ಕಂಡೀತು. ಅಳೆಯುವ ಮುನ್ನ ಉಪಕರಣದ ಸೊನ್ನೆಯನ್ನು ಸರಿಪಡಿಸಿಕೊಳ್ಳಿ ಎಂದು ಪ್ರಯೋಗಶಾಲೆಯಲ್ಲಿ ಹೇಳುತ್ತೇವಲ್ಲ, ಇದೂ ಅಂಥದ್ದೇ ಎಚ್ಚರ.