ಹನ್ನೆರಡು ವಾರದ ರಜೆ, ಅರವತ್ತು ದಿನದ ಗಡುವು

2010ರ ನಂತರ ಎಚ್‌-1ಬಿ ವೀಸಾ ಹಿಡಿದು ಕರ್ನಾಟಕದಿಂದ ಅಮೆರಿಕಕ್ಕೆ ಹೋದ ಎಂಜಿನಿಯರುಗಳಲ್ಲಿ ಅನೇಕರಿಗೆ ಈಗ ನಲವತ್ತು ದಾಟಿದೆ. ಗ್ರೀನ್ ಕಾರ್ಡ್ ಮಾತ್ರ ಬಂದಿಲ್ಲ. ಒಂದು ದೇಶದವರಿಗೆ ವರ್ಷಕ್ಕೆ ಶೇ 7ಕ್ಕಿಂತ ಹೆಚ್ಚು ಸಿಗದೆಂಬ ಮಿತಿಯಿಂದ ಭಾರತೀಯರ ಸರದಿ ಅಷ್ಟುದ್ದ ಬೆಳೆದಿದೆ. ಇದರ ಪಕ್ಕಕ್ಕೆ ಹೃದಯದ ಲೆಕ್ಕವನ್ನೂ ಇಟ್ಟು ನೋಡಿ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಂತೆ, ದಕ್ಷಿಣ ಏಷ್ಯಾದಲ್ಲಿ ಮೊದಲ ಹೃದಯಾಘಾತದ ಸರಾಸರಿ ವಯಸ್ಸು 53. ಬೇರೆಡೆ ಸುಮಾರು 59. ಅಂದರೆ, ವೀಸಾ ಇನ್ನೂ ಕಂಪನಿಯ ಕೈಯಲ್ಲಿರುವಾಗಲೇ ಇವರಲ್ಲಿ ಹಲವರು ಆಸ್ಪತ್ರೆ ಸೇರಲಿದ್ದಾರೆ.

ಕಾಯಿಲೆ ಬಿದ್ದವರಿಗೆ ಕಾನೂನು ಇದೆಯಲ್ಲ ಎನ್ನಬಹುದು. ಇದೆ. 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆ 12 ವಾರ ಕೊಡುತ್ತದೆ. ಸಂಬಳವಿಲ್ಲ, ಕೆಲಸವೂ ವಿಮೆಯೂ ಉಳಿಯುತ್ತವೆ. ಆದರೆ ಅದೇ ಕಂಪನಿಯಲ್ಲಿ ಒಂದು ವರ್ಷ ಕಳೆದು, ಕಳೆದ 12 ತಿಂಗಳಲ್ಲಿ 1,250 ಗಂಟೆ ದುಡಿದಿರಬೇಕು. 75 ಮೈಲಿಯೊಳಗೆ ಕಂಪನಿಗೆ 50 ನೌಕರರಿರಬೇಕು. ಸಣ್ಣ ಕನ್ಸಲ್ಟೆನ್ಸಿಯವರು, ಮೊನ್ನೆ ಕಂಪನಿ ಬದಲಿಸಿದವರು ಇಲ್ಲೇ ಹೊರಗುಳಿಯುತ್ತಾರೆ. ಒಳಗಿದ್ದವರಿಗೂ ಕಾಲ ಸಾಲದು: ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಮೂರೂ ಬೇಕಾದರೆ ಎಷ್ಟೋ ಸಲ ಆರು ತಿಂಗಳು ದಾಟುತ್ತದೆ.

ಹದಿಮೂರನೆಯ ವಾರಕ್ಕೆ ಉಳಿಯುವ ಆಸರೆ 1990ರ ಅಂಗವಿಕಲರ ಕಾಯ್ದೆ. ಕ್ಯಾನ್ಸರಿನಂಥ ಕಾಯಿಲೆಯೂ ಅದರಡಿ ಬರುತ್ತದೆ, ಹೆಚ್ಚುವರಿ ರಜೆಯನ್ನೂ ಕೇಳಬಹುದು. ಆದರೆ 2017ರಲ್ಲಿ ಷಿಕಾಗೋದ ಏಳನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಬೇರೆ ಮಾತಾಡಿತು. ಹನ್ನೆರಡು ವಾರ ಮುಗಿಸಿ, ಬೆನ್ನಿನ ಶಸ್ತ್ರಚಿಕಿತ್ಸೆಗಾಗಿ ಇನ್ನೆರಡು ಮೂರು ತಿಂಗಳು ಕೇಳಿ ಕೆಲಸ ಕಳೆದುಕೊಂಡವನ ಮೊಕದ್ದಮೆ ಅದು. ತಿಂಗಳುಗಟ್ಟಲೆ ರಜೆ ಕೊಡಲು ಈ ಕಾಯ್ದೆಯಡಿ ಕಂಪನಿ ಬದ್ಧವಲ್ಲ ಎಂದಿತು ಪೀಠ. ಇಲಿನಾಯ್, ಇಂಡಿಯಾನಾ, ವಿಸ್ಕಾನ್ಸಿನ್‌ಗಳಿಗೆ ಆ ತೀರ್ಪು ಅನ್ವಯಿಸುತ್ತದೆ. ಬೇರೆ ಕೆಲವು ಸರ್ಕ್ಯೂಟುಗಳು ಇಷ್ಟು ಬಿಗಿಯಾಗಿಲ್ಲ, ಪುಣ್ಯಕ್ಕೆ.

ನಿಜವಾದ ಪೆಟ್ಟು ವಜಾ ಆದ ಮರುದಿನ ಶುರು. ತಾರತಮ್ಯದ ದೂರು ಸಲ್ಲಿಸಲು 180 ದಿನ, ಬಹಳಷ್ಟು ರಾಜ್ಯಗಳಲ್ಲಿ 300 ದಿನ ಇದೆ. ದೇಶದಲ್ಲಿ ಉಳಿಯಲು ಎಚ್‌-1ಬಿಯವರಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಕಿತ್ತುಹಾಕಿದ ಕಂಪನಿಯ ವಿಮೆಯನ್ನು ಮುಂದುವರಿಸಬಹುದು, ಆದರೆ ಕಂತಿನ ಶೇ 102ರವರೆಗೂ ತಾನೇ ಕಟ್ಟಬೇಕು. ಕೀಮೋ ನಡುವೆ ಹೊಸ ಕೆಲಸ ಹುಡುಕಿ, ವಕೀಲರನ್ನೂ ಹಿಡಿಯುವವರು ಎಷ್ಟು ಜನ? ಹಕ್ಕು ಕಾಗದದಲ್ಲಿ ಉಳಿಯುತ್ತದೆ, ಹಕ್ಕುದಾರ ವಿಮಾನ ಹತ್ತಿರುತ್ತಾನೆ.

ಆದ್ದರಿಂದ ರಜೆ ಕೇಳುವ ರೀತಿಯೇ ಮುಖ್ಯ. ಎಚ್‌ಆರ್‌ಗೆ ಫೋನ್ ಮಾಡಿ ಸುಮ್ಮನಾಗದೆ ಇಮೇಲ್ ಕಳಿಸಬೇಕು. ವೈದ್ಯರ ಪತ್ರದಲ್ಲಿ ಮರಳುವ ಅಂದಾಜು ದಿನಾಂಕ ಇರಲೇಬೇಕು. ಯಾವಾಗ ಮರಳುತ್ತಾರೆಂದೇ ಹೇಳದ ರಜೆಯನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಎತ್ತಿಹಿಡಿಯುವುದಿಲ್ಲ.