ದಾಳಿಂಬೆಯೂ ಮುಪ್ಪೂ

ಕುಷ್ಟಗಿ, ಯಲಬುರ್ಗಾ ಸೀಮೆಯ ದಾಳಿಂಬೆ ತಿಂದವರಿಗೆ ಕಾಳುಗಳ ನಡುವಿನ ಬಿಳಿಪೊರೆಯ ಒಗರು ಗೊತ್ತೇ ಇದೆ. ಎಲ್ಲಜಿಟ್ಯಾನಿನ್ ಎಂಬ ಒಗರು ವಸ್ತು ಸಿಪ್ಪೆ, ಪೊರೆಗಳಲ್ಲಿ ಹೇರಳವಾಗಿಯೂ ರಸದಲ್ಲಿ ಕೊಂಚವೂ ಉಂಟು. ಕರುಳಿನ ಸೂಕ್ಷ್ಮಾಣುಗಳು ಅದನ್ನು ಒಡೆದು ಯುರೊಲಿಥಿನ್ ಆಗಿ ಮಾರ್ಪಡಿಸುತ್ತವೆ.

ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಗಳು ವಯಸ್ಸಾದಂತೆ ಕೆಡುತ್ತವೆ. ಕೆಟ್ಟವುಗಳನ್ನು ತೆಗೆದುಹಾಕಲು ಯುರೊಲಿಥಿನ್ ನೆರವಾಗುತ್ತದೆಂದೂ, ಅದನ್ನು ಪಡೆದ ಒಂದು ಮಿಲಿಮೀಟರಿನ ಹುಳುಗಳು ಹೆಚ್ಚುಕಾಲ ಬದುಕಿದವೆಂದೂ 2016ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಹುಳುವಿನ ಆಯುಷ್ಯ ಮನುಷ್ಯನದಲ್ಲವಷ್ಟೆ! ಮನುಷ್ಯರಲ್ಲಿ ಸ್ನಾಯುಗಳಿಗೆ ತುಸು ಲಾಭ ಕಂಡಿದೆ. ಅದೂ ಹಣ್ಣಿನಿಂದಲ್ಲ, ಶುದ್ಧ ಯುರೊಲಿಥಿನ್ ಗುಳಿಗೆಯಿಂದ.

ಮೇಲಾಗಿ, ಎಲ್ಲರ ಕರುಳೂ ಅದನ್ನು ತಯಾರಿಸಲಾರದು. ಹನುಮನಹಳ್ಳಿಯ ಒಂದೇ ಮನೆಯಲ್ಲಿ ಹಣ್ಣು ಹಂಚಿಕೊಂಡ ಅಜ್ಜ, ಅಜ್ಜಿಯರಲ್ಲಿ ಒಬ್ಬರಿಗೆ ದಕ್ಕಿದ್ದು ಇನ್ನೊಬ್ಬರಿಗೆ ದಕ್ಕದಿರಬಹುದು. ಹಣ್ಣು ತಿನ್ನಲಿ, ಆದರೆ ಅದನ್ನು ನಂಬಿ ಬಿ.ಪಿ. ಗುಳಿಗೆಯನ್ನು ಬಿಟ್ಟರೆ ಕೇಡು.